ಚಂದ್ರನ ಬೆನ್ನ ಹಿಂದಿನಿಂದ ಮಾತು ತರುವವರು ಯಾರು?

"ಸರ್, ವಿಕ್ರಮ್ ಲ್ಯಾಂಡರ್ ನೇರ ಬ್ಯಾಲಾಳು ಕೂಡನ ಮಾತಾಡಿತಲ್ರಿ. ಮತ್ತ ನಡುವ ಇನ್ನೊಂದು ಉಪಗ್ರಹ ಯಾಕ ಬೇಕ್ರಿ?"

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ, ಚಂದ್ರನ ಮೇಲಿಳಿದ ಯಂತ್ರದ ಮಾತನ್ನು ಭೂಮಿಗೆ ದಾಟಿಸುವ ಕಿರು ಉಪಗ್ರಹಗಳ ಪ್ರಸ್ತಾಪ ಬಂದಾಗ ಎಲೆಕ್ಟ್ರಾನಿಕ್ಸ್ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು ಇದು. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಚಂದ್ರಯಾನ-3ರ ಲ್ಯಾಂಡರನ್ನು ಬೆಂಗಳೂರು ಬಳಿಯ ಬ್ಯಾಲಾಳು ನೆಲಕೇಂದ್ರದ ಜೊತೆ ನೇರವಾಗಿ ಮಾತಾಡುವಂತೆಯೇ ರೂಪಿಸಿದ್ದರು. 2019ರಿಂದ ಚಂದ್ರನನ್ನು ಸುತ್ತುತ್ತಿರುವ ಚಂದ್ರಯಾನ-2ರ ಆರ್ಬಿಟರ್ ಆಪತ್ಕಾಲಕ್ಕೆಂದು ಇಟ್ಟುಕೊಂಡ ಎರಡನೇ ದಾರಿ. ಆದರೆ ನೇರ ಮಾತು ಸಾಧ್ಯವಾದದ್ದಕ್ಕೆ ದೊಡ್ಡ ಕಾರಣ ವಿಕ್ರಮ್ ಇಳಿದ ಜಾಗ. ನಮ್ಮ ಪತ್ರಿಕೆಗಳು ಅದನ್ನು "ದಕ್ಷಿಣ ಧ್ರುವ" ಎಂದೇ ಬರೆದವು. ಇಳಿದದ್ದು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಧ್ರುವ ಅಲ್ಲಿಂದ ಇನ್ನೂ 600 ಕಿಲೋಮೀಟರಿಗೂ ಮಿಕ್ಕಿ ದೂರ, ಅಂದರೆ ಬೆಳಗಾವಿಯಿಂದ ಹೊರಟು ಬೆಂಗಳೂರು ದಾಟಿ ಮುಂದೆ ನೂರು ಕಿಲೋಮೀಟರು ಹೋದಷ್ಟು. ವಿಕ್ರಮ್ ನಿಂತಿರುವಲ್ಲಿಂದ ನೋಡಿದರೆ ಭೂಮಿ ದಿಗಂತದಿಂದ ಸುಮಾರು 17 ಡಿಗ್ರಿ ಮೇಲೆ ಇರುತ್ತದೆ, ಕೆಲವು ಡಿಗ್ರಿ ಆಚೀಚೆ ಓಲಾಡಿದರೂ ಮುಳುಗುವುದಿಲ್ಲ. ಆಂಟೆನಾ ಆ ಕಡೆ ತಿರುಗಿಸಿದರೆ ಕೆಲಸವಾಯಿತು.

ನಿಜವಾದ ಧ್ರುವಕ್ಕೆ ಹೋದರೆ ಪರಿಸ್ಥಿತಿಯೇ ಬೇರೆ. ಅಲ್ಲಿ ಭೂಮಿ ಎರಡು ವಾರ ದಿಗಂತದ ಅಂಚಿನಲ್ಲೇ ಸುಳಿಯುತ್ತದೆ, ಬಹಳವೆಂದರೆ ಆರೇಳು ಡಿಗ್ರಿ ಏರುತ್ತದೆ. ಮುಂದಿನ ಎರಡು ವಾರ ಕೆಳಗಿಳಿದು ಕಾಣೆಯಾಗುತ್ತದೆ. ನಡುವೆ ಒಂದು ಗುಡ್ಡ ಅಡ್ಡ ಬಂದರೆ ಆ ಎರಡು ವಾರವೂ ಪೂರ್ತಿ ದಕ್ಕುವುದಿಲ್ಲ. ಎಲ್ಲರೂ ಹುಡುಕುತ್ತಿರುವ ನೀರಿನ ಮಂಜುಗಡ್ಡೆ ಇರುವುದು ಬಿಸಿಲೇ ಬೀಳದ ಕುಳಿಗಳ ತಳದಲ್ಲಿ. ಧ್ರುವದ ಶ್ಯಾಕಲ್ಟನ್ ಕುಳಿ 21 ಕಿಲೋಮೀಟರ್ ಅಗಲ, 4 ಕಿಲೋಮೀಟರಿನಷ್ಟು ಆಳ. ಅದರ ತಳಕ್ಕೆ ಇಳಿದ ರೋವರಿಗೆ ಸೂರ್ಯನೂ ಕಾಣುವುದಿಲ್ಲ, ಭೂಮಿಯೂ ಕಾಣುವುದಿಲ್ಲ. ಇನ್ನು ಚಂದ್ರನ ಆಚೆ ಬದಿಯಂತೂ ಭೂಮಿಗೆ ಎಂದೂ ಮುಖ ತೋರುವುದಿಲ್ಲ. ಇಂಥ ಕಡೆ ಮೇಲಿನಿಂದ ಕೇಳಿಸಿಕೊಂಡು ಈಚೆಗೆ ದಾಟಿಸುವ ಒಂದು ಉಪಗ್ರಹ, ಅಂದರೆ ರಿಲೇ, ಇಲ್ಲದಿದ್ದರೆ ಯಂತ್ರ ಇಳಿದರೂ ಇಳಿಯದಿದ್ದರೂ ನಮಗೆ ಒಂದೇ.

ರಿಲೇ ಉಪಗ್ರಹದಿಂದ ಇನ್ನೊಂದು ಲಾಭವಿದೆ. ಭೂಮಿ ಕಣ್ಣೆದುರೇ ಇರುವ ಜಾಗದಲ್ಲೂ ಅದು ಉಪಯೋಗಕ್ಕೆ ಬರುತ್ತದೆ. ರೇಡಿಯೊ ಸಿಗ್ನಲ್ ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುತ್ತದೆ. ಭೂಮಿ 3,84,400 ಕಿಲೋಮೀಟರ್ ದೂರ. ಚಂದ್ರನ ಸುತ್ತ 5,000 ಕಿಲೋಮೀಟರ್ ದೂರದಲ್ಲಿ ಒಂದು ರಿಲೇ ಇದ್ದರೆ ರೋವರಿನ ಪಾಲಿಗೆ ಅದು 77 ಪಟ್ಟು ಹತ್ತಿರ, ಅದೇ ಶಕ್ತಿಯ ಸಿಗ್ನಲ್ ಅಲ್ಲಿಗೆ ಸುಮಾರು 5,900 ಪಟ್ಟು ಗಟ್ಟಿಯಾಗಿ ಮುಟ್ಟುತ್ತದೆ. ಭೂಮಿಯ 32 ಮೀಟರ್ ಡಿಶ್‌ನಷ್ಟು ದೊಡ್ಡ ಕಿವಿ ರಿಲೇಗೆ ಇರುವುದಿಲ್ಲ ಎನ್ನುವುದು ನಿಜ, ಹಾಗಾಗಿ ಇಷ್ಟೂ ಲಾಭ ಕೈಗೆ ಬರುವುದಿಲ್ಲ. ಆದರೂ ರೋವರಿನ ಮೇಲೆ ಭೂಮಿಯನ್ನೇ ಹಿಂಬಾಲಿಸಿ ತಿರುಗುವ ಆಂಟೆನಾ, ಅದಕ್ಕೊಂದು ಮೋಟಾರು, ಅದಕ್ಕೆ ಬೇಕಾದ ವಿದ್ಯುತ್ತು ಇವೆಲ್ಲ ಹೊರುವ ತಾಪತ್ರಯ ತಪ್ಪುತ್ತದೆ. ಪ್ರಗ್ಯಾನ್ ರೋವರಿನ ಒಟ್ಟು ತೂಕವೇ 26 ಕೆ.ಜಿ. ಅದು ಭೂಮಿಯ ಜೊತೆ ನೇರ ಮಾತಾಡಲೇ ಇಲ್ಲ, ತನ್ನ ಮಾತನ್ನು ವಿಕ್ರಮ್‌ಗೆ ಒಪ್ಪಿಸುತ್ತಿತ್ತು. ಅಷ್ಟರ ಮಟ್ಟಿಗೆ ರಿಲೇ ನಮಗೆ ಹೊಸದಲ್ಲ. ಆದರೆ ರಿಲೇ ಆಗಿದ್ದ ವಿಕ್ರಮ್ ನೆಲದ ಮೇಲೇ ಉಳಿಯಿತು, ಹಾಗಾಗಿ ರೋವರು ಲ್ಯಾಂಡರಿನಿಂದ ದೂರ ಹೋಗುವಂತಿರಲಿಲ್ಲ.

ಸರಿ, ರಿಲೇ ಬೇಕು ಎಂದಾಯಿತು. ಅದನ್ನು ಎಲ್ಲಿ ಇಡುವುದು? ಚಂದ್ರಯಾನ-2ರ ಆರ್ಬಿಟರ್ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತದೆ. ಒಂದು ಸುತ್ತಿಗೆ ಎರಡು ಗಂಟೆ. ಧ್ರುವದ ಬಳಿ ನಿಂತ ಲ್ಯಾಂಡರಿಗೆ ಅದು ಪ್ರತಿ ಸುತ್ತಿನಲ್ಲೂ ಸಿಗುತ್ತದೆ, ಆದರೆ ಲೆಕ್ಕ ಹಾಕಿದರೆ ಒಂದು ಸಲಕ್ಕೆ ಹೆಚ್ಚೆಂದರೆ 12 ನಿಮಿಷ. ಉಳಿದ ಹೊತ್ತು ಅದು ದಿಗಂತದ ಕೆಳಗೆ. ಸದಾ ಯಾರಾದರೊಬ್ಬರು ಮೇಲಿರಬೇಕೆಂದರೆ ಇಂಥವು ಹತ್ತಿಪ್ಪತ್ತು ಬೇಕಾಗುತ್ತವೆ. ಕೆಳಗಿನ ಕಕ್ಷೆಗೆ ಇನ್ನೊಂದು ತೊಡಕಿದೆ. ಚಂದ್ರನ ಹೊಟ್ಟೆಯೊಳಗೆ ದ್ರವ್ಯ ಸಮನಾಗಿ ಹರಡಿಲ್ಲ, ಅಲ್ಲಲ್ಲಿ ಗಡ್ಡೆಗಟ್ಟಿದೆ, ಆ ಜಾಗಗಳ ಮೇಲೆ ಗುರುತ್ವ ಹೆಚ್ಚು. ಅಪೋಲೊ 16ರ ಗಗನಯಾತ್ರಿಗಳು 1972ರ ಏಪ್ರಿಲ್ 24ರಂದು ಒಂದು ಪುಟ್ಟ ಉಪಗ್ರಹವನ್ನು ಕಕ್ಷೆಗೆ ಬಿಟ್ಟು ಬಂದರು. ಅದರ ತೂಕ 36 ಕೆ.ಜಿ. ಅದರಲ್ಲಿ ಕಕ್ಷೆ ತಿದ್ದಿಕೊಳ್ಳುವ ಎಂಜಿನ್ ಇರಲಿಲ್ಲ. ಗುರುತ್ವದ ಈ ಏರುಪೇರು ಅದನ್ನು ಎಳೆದಾಡಿ 35 ದಿನಗಳಲ್ಲಿ ನೆಲಕ್ಕೆ ಅಪ್ಪಳಿಸಿತು. ಕಿರು ಉಪಗ್ರಹಗಳ ಉತ್ಸಾಹದಲ್ಲಿರುವವರು ಈ ಕತೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಭೂಮಿಯ ಸುತ್ತ ಒಂದು ಕೆ.ಜಿ. ಉಪಗ್ರಹವನ್ನು ಇಂಧನವೇ ಇಲ್ಲದೆ ವರ್ಷಗಟ್ಟಲೆ ಓಡಿಸಬಹುದು. ಚಂದ್ರನ ಕೆಳಕಕ್ಷೆಯಲ್ಲಿ ಅದು ನಡೆಯುವುದಿಲ್ಲ.

ಹಾಗಾಗಿ ರಿಲೇಗಳು ಮೇಲಿನ, ಉದ್ದುದ್ದ ಕಕ್ಷೆಗಳನ್ನು ಹುಡುಕಿಕೊಂಡು ಹೋಗುತ್ತವೆ. ಚೀನಾ 2018ರ ಮೇ 21ರಂದು ಹಾರಿಸಿದ ಕ್ವೆಕ್ಯಾವೊ ಚಂದ್ರನನ್ನೂ ದಾಟಿ ಅದರಾಚೆ ಸುಮಾರು 65,000 ಕಿಲೋಮೀಟರ್ ದೂರದಲ್ಲಿ, ಭೂಮಿ ಮತ್ತು ಚಂದ್ರರ ಸೆಳೆತ ಸೇರಿ ನೌಕೆಯನ್ನು ಚಂದ್ರನ ಜೊತೆಜೊತೆಗೇ ಸುತ್ತಿಸುವ ಸಮತೋಲನ ಬಿಂದುವಿನ ಸುತ್ತ ಒಂದು ಬಳೆಯಾಕಾರದ ಹಾದಿಯಲ್ಲಿ ನಿಂತಿತು. ಅಲ್ಲಿಂದ ಚಂದ್ರನ ಆಚೆ ಬದಿಯೂ ಕಾಣುತ್ತದೆ, ಚಂದ್ರನ ಅಂಚಿನಾಚೆ ಭೂಮಿಯೂ ಕಾಣುತ್ತದೆ. ಅದರ ನೆರವಿನಿಂದಲೇ 2019ರ ಜನವರಿ 3ರಂದು ಚಾಂಗ್‌ಎ-4 ಆಚೆ ಬದಿಯ ವಾನ್ ಕಾರ್ಮನ್ ಕುಳಿಯಲ್ಲಿ ಇಳಿಯಿತು. ಆ ಕಡೆ ಇಳಿದ ಮೊದಲ ನೌಕೆ ಅದು. ಕ್ವೆಕ್ಯಾವೊದ ತೂಕ 450 ಕೆ.ಜಿ. ಆಸುಪಾಸು, ಬಿಚ್ಚಿಕೊಳ್ಳುವ ಅದರ ಆಂಟೆನಾ 4.2 ಮೀಟರ್ ಅಗಲ. ಎರಡನೆಯದು, ಕ್ವೆಕ್ಯಾವೊ-2, 2024ರ ಮಾರ್ಚ್ 20ರಂದು ಹೊರಟಿತು. ಅದರ ತೂಕ 1,200 ಕೆ.ಜಿ. ಅದು 24 ಗಂಟೆಯ ಉದ್ದನೆಯ ಕಕ್ಷೆಯಲ್ಲಿದ್ದು ಹೆಚ್ಚು ಹೊತ್ತು ದಕ್ಷಿಣ ಧ್ರುವದ ಮೇಲೆ ತಂಗುತ್ತದೆ. ಆ ವರ್ಷದ ಜೂನ್‌ನಲ್ಲಿ ಚಾಂಗ್‌ಎ-6 ಆಚೆ ಬದಿಯ 1,935 ಗ್ರಾಂ ಮಣ್ಣು ತಂದದ್ದು ಈ ರಿಲೇಯ ಬಲದಿಂದ.

ಎರಡು ಸಲವೂ ಅದೇ ರಾಕೆಟ್‌ನಲ್ಲಿ ಒಂದೊಂದು ಜೋಡಿ ಪುಟ್ಟ ಉಪಗ್ರಹಗಳೂ ಹೋಗಿದ್ದವು. ಇದು ಅಷ್ಟಾಗಿ ಸುದ್ದಿಯಾಗಲಿಲ್ಲ. ಮೊದಲ ಸಲ ಹೋದದ್ದು ತಲಾ 47 ಕೆ.ಜಿ.ಯ ಲಾಂಗ್‌ಜಿಯಾಂಗ್-1 ಮತ್ತು 2. ಒಂದನೆಯದು ಚಂದ್ರನ ಕಕ್ಷೆ ಸೇರಲೇ ಇಲ್ಲ. ಎರಡನೆಯದು ಸೇರಿತು. ಅದರಲ್ಲಿ ಹಾರ್ಬಿನ್ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು ಮಾಡಿದ ಹವ್ಯಾಸಿ ರೇಡಿಯೊ ಉಪಕರಣವಿತ್ತು. 2019ರ ಫೆಬ್ರವರಿಯಲ್ಲಿ ಚಂದ್ರನ ಆಚೆ ಬದಿ ಮತ್ತು ಭೂಮಿ ಒಂದೇ ಚೌಕಟ್ಟಿನಲ್ಲಿರುವ ಚಿತ್ರವನ್ನು ಅದು ಕಳಿಸಿದಾಗ, ಹಿಡಿದವರು ನೆದರ್ಲೆಂಡ್ಸ್‌ನ ಡ್ವಿಂಗಲೂ ಊರಿನ 25 ಮೀಟರ್ ಡಿಶ್ ನಡೆಸುವ ಹವ್ಯಾಸಿಗಳು. 1956ರ ಹಳೆಯ ರೇಡಿಯೊ ದೂರದರ್ಶಕ ಅದು. ಮೊಬೈಲಿನಲ್ಲಿ ನಾವು ಕಳಿಸುವ ಒಂದು ಚಿತ್ರದ ನೂರನೇ ಒಂದು ಭಾಗವೂ ಇಲ್ಲದ ಆ ಕಡತ ಇಳಿಯಲು ಸುಮಾರು 20 ನಿಮಿಷ ಹಿಡಿಯಿತು. 2019ರ ಜುಲೈ 31ರಂದು ಲಾಂಗ್‌ಜಿಯಾಂಗ್-2ನ್ನು ಬೇಕೆಂದೇ ಚಂದ್ರನಿಗೆ ಬಡಿಸಿ ಮುಗಿಸಿದರು. ಎರಡನೇ ಸಲ ಹೋದದ್ದು ಟಿಯಾಂಡು-1 ಮತ್ತು 2, ಸಂವಹನ ಹಾಗೂ ದಿಕ್ಸೂಚನೆಯ ತಂತ್ರಗಳನ್ನು ಪರೀಕ್ಷಿಸುವುದಕ್ಕೆ. ಸಣ್ಣವನ್ನು ಪ್ರಯೋಗಕ್ಕೆ ಬಿಟ್ಟು, ನೆಚ್ಚಿಕೊಳ್ಳಬೇಕಾದ ಮಾತನ್ನು ದೊಡ್ಡದರ ಹೆಗಲಿಗೆ ಹಾಕಿದರು. ನನ್ನ ಮಟ್ಟಿಗೆ ಈ ವಿಂಗಡಣೆಯೇ ಸರಿ.

ಸಣ್ಣದರಿಂದ ಆಗದ್ದು ಏನು ಎಂಬುದು ತಾರಸಿಯ ಮೇಲೆ ನಿಂತರೆ ಚೆನ್ನಾಗಿ ತಿಳಿಯುತ್ತದೆ. ಈಗ ನಮ್ಮ ಕಾಲೇಜುಗಳಲ್ಲಿ ಹುಡುಗರು ಪಿವಿಸಿ ಪೈಪಿಗೆ ಉಕ್ಕಿನ ಅಳತೆ ಟೇಪಿನ ತುಂಡುಗಳನ್ನು ಕ್ಲಾಂಪ್ ಹಾಕಿ ಬಿಗಿದು ಯಾಗಿ ಆಂಟೆನಾ ಮಾಡುತ್ತಾರೆ. ಸಾವಿರ ರೂಪಾಯಿಯೂ ಆಗುವುದಿಲ್ಲ. ಅದಕ್ಕೆ ಟಿವಿ ಕೇಬಲ್ಲು, ಕೇಬಲ್ಲಿನ ಕೊನೆಗೆ ರೇಡಿಯೊ ಸಿಗ್ನಲ್ ಹಿಡಿಯುವ ಹೆಬ್ಬೆರಳಿನ ಗಾತ್ರದ ಒಂದು ಡಾಂಗಲ್, ಡಾಂಗಲ್ ಲ್ಯಾಪ್‌ಟಾಪಿಗೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವ ಹತ್ತು ನಿಮಿಷದಲ್ಲಿ 145.800 ಮೆಗಾಹರ್ಟ್ಸ್‌ಗೆ ಕಿವಿಗೊಟ್ಟರೆ, ಅವರು ಚಿತ್ರ ಕಳಿಸುವ ದಿನವಾಗಿದ್ದಲ್ಲಿ, ಪರದೆಯ ಮೇಲೆ ಗೆರೆ ಗೆರೆಯಾಗಿ ಚಿತ್ರ ಮೂಡುತ್ತದೆ. ಒಬ್ಬ ಆಂಟೆನಾ ಹಿಡಿದು ನಿಲ್ದಾಣದ ಹಿಂದೆಯೇ ಮೆಲ್ಲಗೆ ತಿರುಗಬೇಕು, ಕೈ ಸ್ವಲ್ಪ ಓರೆಯಾದರೂ ಗೆರೆಗಳ ನಡುವೆ ಕರಕರ ತುಂಬಿಕೊಳ್ಳುತ್ತದೆ. "ಸ್ವಲ್ಪ ಎಡಕ್ಕ ಹಿಡಿಯೋ, ಹೊಂಟೈತಿ ನೋಡು!" ಎಂಬ ಕೂಗು ಆ ಹೊತ್ತಿನಲ್ಲಿ ಗ್ಯಾರಂಟಿ. ಆ ನಿಲ್ದಾಣ ಇರುವುದು 400 ಕಿಲೋಮೀಟರ್ ಮೇಲೆ. ಅದೇ ರೇಡಿಯೊವನ್ನು ಚಂದ್ರನ ಬಳಿ ಇಟ್ಟರೆ ಇಲ್ಲಿಗೆ ಮುಟ್ಟುವ ಸಿಗ್ನಲ್ ಒಂಬತ್ತು ಲಕ್ಷ ಪಟ್ಟು ಕ್ಷೀಣ. ಈ ನಷ್ಟವನ್ನು ತುಂಬಲು ಮೂರೇ ದಾರಿ: ಆಂಟೆನಾ ದೊಡ್ಡದು ಮಾಡು, ವಿದ್ಯುತ್ತು ಹೆಚ್ಚು ಹಾಕು, ಇಲ್ಲವೇ ನಿಧಾನವಾಗಿ ಮಾತಾಡು. ಶೂ ಡಬ್ಬಿಯ ಗಾತ್ರದ ಕ್ಯೂಬ್‌ಸ್ಯಾಟ್‌ಗೆ ಮೊದಲ ಎರಡು ಕಷ್ಟ. ಹಾಗಾಗಿ ಅದು ನಿಧಾನವಾಗಿ ಮಾತಾಡುತ್ತದೆ. ರೋವರಿನ ವಿಡಿಯೊ ನೇರಪ್ರಸಾರ ಬೇಕೆನ್ನುವವರಿಗೆ ಅದು ಸಾಲದು.

ನಿಧಾನವಾದರೂ ಸಾಕಾಗುವ ಹೊತ್ತು ಒಂದಿದೆ. ಅದು ಲ್ಯಾಂಡಿಂಗ್.

ನಾಸಾದ ಇನ್‌ಸೈಟ್ ನೌಕೆ 2018ರ ನವೆಂಬರ್ 26ರಂದು ಮಂಗಳದ ಮೇಲೆ ಇಳಿಯುವಾಗ ಅದರ ಜೊತೆಗೇ ಹೊರಟಿದ್ದ ಎರಡು ಕ್ಯೂಬ್‌ಸ್ಯಾಟ್‌ಗಳು ಮೇಲಿನಿಂದ ಹಾದುಹೋದವು. ಮಾರ್ಕೊ ಎಂಬ ಈ ಜೋಡಿಯ ತೂಕ ತಲಾ 13.5 ಕೆ.ಜಿ. ದುಂಡನೆಯ ಡಿಶ್‌ಗೆ ಜಾಗವಿಲ್ಲದ ಕಾರಣ ಹಲಗೆಯಂತೆ ಮಡಚಿಡುವ ಚಪ್ಪಟೆ ಆಂಟೆನಾ ಇಟ್ಟಿದ್ದರು. ಇನ್‌ಸೈಟ್ ಹೇಳಿದ್ದನ್ನು ಕೇಳಿ, ಸೆಕೆಂಡಿಗೆ 8 ಕಿಲೋಬಿಟ್‌ನಂತೆ ಆ ಕ್ಷಣವೇ ಭೂಮಿಗೆ ದಾಟಿಸಿದವು. ಅವು ಇಲ್ಲದಿದ್ದರೆ ಮಂಗಳ ಸುತ್ತುವ ದೊಡ್ಡ ನೌಕೆ ದಾಖಲಿಸಿಕೊಂಡದ್ದು ಬರುವವರೆಗೆ ಗಂಟೆಗಟ್ಟಲೆ ಕಾಯಬೇಕಿತ್ತು. 2019ರ ಜನವರಿಯ ಹೊತ್ತಿಗೆ ಎರಡೂ ಮೌನವಾದವು. ಕೆಲಸ ಆಗಿತ್ತು, ಯಾರಿಗೂ ನಷ್ಟವಾಗಲಿಲ್ಲ.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಮೊದಲ ವಿಕ್ರಮ್ ಚಂದ್ರನಿಂದ 2.1 ಕಿಲೋಮೀಟರ್ ಎತ್ತರ ದಾಟಿ ಕೆಳಗಿಳಿಯುತ್ತಿದ್ದಾಗ ಪರದೆಯ ಮೇಲಿನ ಗೆರೆ ನಿಂತದ್ದು ಎಲ್ಲರಿಗೂ ನೆನಪಿದೆ. ಅಲ್ಲಿ ತೊಂದರೆ ಆದದ್ದು ವೇಗ ತಗ್ಗಿಸುವ ಹಂತದಲ್ಲಿ, ರಿಲೇ ಇದ್ದಿದ್ದರೆ ನೌಕೆ ಉಳಿಯುತ್ತಿತ್ತು ಎನ್ನಲಾಗದು. ಆದರೆ ವಾಲಿದ ನೌಕೆಯ ಆಂಟೆನಾ ಭೂಮಿಯ ಕಡೆಯಿಂದ ತಪ್ಪಿಹೋದಾಗ ನೆತ್ತಿಯ ಮೇಲೊಬ್ಬ ಕೇಳುವವನಿದ್ದರೆ ಕೊನೆಯ ಮಾತು ಸಿಗುವ ಸಾಧ್ಯತೆ ಹೆಚ್ಚು. ಅಮೆರಿಕದ ಇಂಟ್ಯುಯಿಟಿವ್ ಮಷೀನ್ಸ್ ಕಂಪನಿಯ ಒಡಿಸ್ಯೂಸ್ 2024ರ ಫೆಬ್ರವರಿ 22ರಂದು ಇಳಿದು ಓರೆಯಾಗಿ ಒರಗಿತು. ಕೆಲವು ಆಂಟೆನಾಗಳು ನೆಲದ ಕಡೆ ಮುಖ ಮಾಡಿದ್ದರಿಂದ ದತ್ತಾಂಶ ಹನಿ ಹನಿಯಾಗಿ ಬಂತು. ಹೀಗೆ ಒರಗಿದ ಲ್ಯಾಂಡರಿಗೆ ಆಕಾಶದಲ್ಲಿ ಹಲವು ದಿಕ್ಕಿನಿಂದ ಹಾದುಹೋಗುವ ಒಂದು ರಿಲೇ ಎಷ್ಟು ಉಪಕಾರಿ ಎಂದು ಹೇಳಬೇಕಿಲ್ಲ.

ಹಾಗೆಂದು ಸಣ್ಣದು ಅಗ್ಗ, ಸುಲಭ ಎಂದು ನಂಬಬಾರದು. ಕ್ಯಾಪ್‌ಸ್ಟೋನ್ ಎಂಬ 25 ಕೆ.ಜಿ.ಯ ಉಪಗ್ರಹ 2022ರ ಜೂನ್ 28ರಂದು ನ್ಯೂಜಿಲೆಂಡಿನಿಂದ ಪುಟ್ಟ ಎಲೆಕ್ಟ್ರಾನ್ ರಾಕೆಟ್ ಏರಿ ಹೊರಟಿತು. ಮುಂದೆ ಚಂದ್ರನ ಬಳಿ ಕಟ್ಟಲು ಯೋಜಿಸಿದ್ದ ಗೇಟ್‌ವೇ ನಿಲ್ದಾಣದ ಕಕ್ಷೆಯನ್ನು ಮೊದಲೇ ಹೋಗಿ ನೋಡಿಬರುವುದು ಅದರ ಕೆಲಸ. ಜುಲೈ 4ರಂದು ತಪ್ಪಾಗಿ ಬರೆದ ಒಂದು ಆದೇಶದಿಂದ ರೇಡಿಯೊ ಸ್ತಬ್ಧವಾಯಿತು, ಒಂದೆರಡು ದಿನದಲ್ಲಿ ಸರಿಹೋಯಿತು. ಸೆಪ್ಟೆಂಬರಿನಲ್ಲಿ ನೌಕೆಯನ್ನು ತಳ್ಳುವ ಪುಟ್ಟ ಎಂಜಿನ್ನಿನ (ಥ್ರಸ್ಟರಿನ) ಒಂದು ಕವಾಟ ಅರೆತೆರೆದು ಸಿಕ್ಕಿಕೊಂಡು ನೌಕೆ ಗಿರಗಿರ ತಿರುಗತೊಡಗಿತು. ಅದನ್ನು ತಹಬಂದಿಗೆ ತರಲು ಅಕ್ಟೋಬರ್ ಬರಬೇಕಾಯಿತು. ನವೆಂಬರ್ 13ರಂದು ಕೊನೆಗೂ ಕಕ್ಷೆ ಮುಟ್ಟಿತು. ಅದೇ ವಾರ ಹೊರಟ ಆರ್ಟೆಮಿಸ್-1ರ ಜೊತೆ ಹತ್ತು ಕ್ಯೂಬ್‌ಸ್ಯಾಟ್‌ಗಳಿದ್ದವು. ಅವನ್ನು ರಾಕೆಟ್ಟಿನೊಳಗೆ ಇಟ್ಟದ್ದು 2021ರಲ್ಲೇ. ಹಾರಾಟ ಮುಂದೂಡುತ್ತ ಹೋದಂತೆ ಕೆಲವಕ್ಕೆ ಬ್ಯಾಟರಿ ಚಾರ್ಜ್ ಮಾಡುವ ಅವಕಾಶವೂ ಸಿಗಲಿಲ್ಲ. ಜಪಾನಿನ ಒಮೊಟೆನಾಶಿ ಇಳಿಯುವ ಪ್ರಯತ್ನ ಕೈಬಿಟ್ಟಿತು, ನಾಸಾದ ನಿಯಾ ಸ್ಕೌಟ್ ಸದ್ದೇ ಮಾಡಲಿಲ್ಲ, ಲೂನಾಹೆಚ್-ಮ್ಯಾಪ್‌ನ ಕವಾಟ ತೆರೆಯಲಿಲ್ಲ. ನೀರಿನ ಆವಿಯನ್ನು ಉಗುಳಿ ಚಲಿಸುವ ಜಪಾನಿನ ಇಕ್ವುಲಿಯಸ್ ಮಾತ್ರ ಅಚ್ಚುಕಟ್ಟಾಗಿ ನಡೆದ ಕೆಲವರಲ್ಲಿ ಒಂದು. ಇದನ್ನೆಲ್ಲ ನೋಡಿದರೆ ಸಣ್ಣ ರಿಲೇಯನ್ನು ಎಂದೂ ಒಂಟಿಯಾಗಿ ಕಳಿಸಬಾರದು, ಜೋಡಿಯಾಗಿಯೇ ಕಳಿಸಬೇಕು ಎನಿಸುತ್ತದೆ.

ಬಾಡಿಗೆಗೆ ಸಿಗುವಾಗ ಸ್ವಂತದ್ದು ಯಾಕೆ ಎನ್ನುವ ವಾದವೂ ಇದೆ. ಬ್ರಿಟನ್ನಿನ ಎಸ್‌ಎಸ್‌ಟಿಎಲ್ ಕಂಪನಿ ಕಟ್ಟಿದ 280 ಕೆ.ಜಿ.ಯ ಲೂನಾರ್ ಪಾಥ್‌ಫೈಂಡರ್ ಇಂಥ ಬಾಡಿಗೆ ಸೇವೆಗೆಂದೇ ಆದದ್ದು. ಯುರೋಪಿನ ಮೂನ್‌ಲೈಟ್ ಯೋಜನೆಯಲ್ಲಿ ಸಂವಹನಕ್ಕೆ ಒಂದು, ದಿಕ್ಸೂಚನೆಗೆ ನಾಲ್ಕು ಉಪಗ್ರಹ. 2030ರ ಹೊತ್ತಿಗೆ ಪೂರ್ಣವಾಗಿ ನಡೆಯಬೇಕೆಂಬುದು ಅವರ ಗುರಿ. ನಾಸಾ 2024ರ ಸೆಪ್ಟೆಂಬರಿನಲ್ಲಿ ಇಂಟ್ಯುಯಿಟಿವ್ ಮಷೀನ್ಸ್‌ಗೆ ಗರಿಷ್ಠ 482 ಕೋಟಿ ಡಾಲರ್ ಮೊತ್ತದ ಗುತ್ತಿಗೆ ಕೊಟ್ಟಿದೆ, ಚಂದ್ರನ ರಿಲೇ ಸೇವೆಯೂ ಅದರಲ್ಲಿ ಸೇರಿದೆ. ಯಾರ ಉಪಗ್ರಹಕ್ಕೆ ಯಾರ ಲ್ಯಾಂಡರ್ ಬೇಕಾದರೂ ಮಾತಾಡುವಂತೆ ಲೂನಾನೆಟ್ ಎಂಬ ಸಮಾನ ನಿಯಮಾವಳಿಯೂ ಸಿದ್ಧವಾಗುತ್ತಿದೆ. ಕೆಲವು ವರ್ಷಕ್ಕೊಮ್ಮೆ ಚಂದ್ರನಿಗೆ ಹೋಗುವ ನಮ್ಮಂಥವರು ಟನ್ ತೂಕದ ರಿಲೇಯನ್ನು ಅಲ್ಲಿ ಖಾಲಿ ಕೂರಿಸುವುದು ದುಬಾರಿ ಎನ್ನುವುದನ್ನು ಒಪ್ಪುತ್ತೇನೆ. ರೋವರಿನ ದಿನನಿತ್ಯದ ದತ್ತಾಂಶಕ್ಕೆ ಬಾಡಿಗೆ ಸಾಕು. ಲ್ಯಾಂಡಿಂಗ್ ರಾತ್ರಿಯ ಸಂಪರ್ಕ ಮಾತ್ರ ಬೇರೆಯವರ ಕೈಯಲ್ಲಿರಬಾರದು. ನೆಲದಲ್ಲಿ ಈಗಾಗಲೇ ನಾವು ಹೊರಗಿನವರ ನೆರವು ಪಡೆಯುತ್ತೇವೆ. ಬ್ಯಾಲಾಳಿನ ಆಕಾಶದಲ್ಲಿ ಚಂದ್ರ ಇರುವುದು ದಿನಕ್ಕೆ ಸುಮಾರು ಅರ್ಧ ಹೊತ್ತು ಮಾತ್ರ, ಉಳಿದ ಹೊತ್ತಿಗೆ ಚಂದ್ರಯಾನ-3ಕ್ಕೂ ಯುರೋಪ್ ಮತ್ತು ಅಮೆರಿಕದ ಸಂಸ್ಥೆಗಳ ನೆಲಕೇಂದ್ರಗಳು ಕೈಜೋಡಿಸಿದ್ದವು. ಆಚೆ ಕೊನೆಯಲ್ಲೂ ಪರಾವಲಂಬನೆ ಎಂದರೆ ಎರಡೂ ಕಡೆ ಕೈಕಟ್ಟಿದಂತೆ.

ಉಪಗ್ರಹಗಳು ಹೆಚ್ಚಾದಷ್ಟೂ ಬೇರೆ ತಕರಾರುಗಳು ಹುಟ್ಟುತ್ತವೆ. ಚಂದ್ರನ ಆಚೆ ಬದಿ ಭೂಮಿಯ ರೇಡಿಯೊ ಗದ್ದಲ ಮುಟ್ಟದ ಜಾಗ. ಬ್ರಹ್ಮಾಂಡದ ಮೊದಮೊದಲ ಕಾಲದ ಹೈಡ್ರೋಜನ್‌ನ ಕ್ಷೀಣ ಸಿಗ್ನಲ್ ಹಿಡಿಯಲು ಅದಕ್ಕಿಂತ ಒಳ್ಳೆಯ ತಾಣ ಹತ್ತಿರದಲ್ಲೆಲ್ಲೂ ಇಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪ್ರತುಷ್ ಎಂಬ ಉಪಕರಣದ ಪ್ರಸ್ತಾವ ಇದಕ್ಕಾಗಿಯೇ ಇದೆ. ಅಂಥ ಕಡೆ ಹತ್ತಾರು ರಿಲೇಗಳು ಗಲಾಟೆ ಎಬ್ಬಿಸಿದರೆ ಆ ಮೌನಕ್ಕೆ ಕಲ್ಲು. ಅಂತರರಾಷ್ಟ್ರೀಯ ರೇಡಿಯೊ ನಿಯಮಗಳು ಈ ವಲಯಕ್ಕೆ ರಕ್ಷಣೆ ಕೊಡುತ್ತವೆ ನಿಜ, ಒತ್ತಡ ಬಂದಾಗ ಅದೆಷ್ಟು ಗಟ್ಟಿ ನಿಲ್ಲುತ್ತದೋ ನೋಡಬೇಕು. ಸಂಚಾರದ ಸಮಸ್ಯೆಯಂತೂ ಈಗಾಗಲೇ ಎದುರಾಗಿದೆ. 2021ರ ಅಕ್ಟೋಬರ್ 20ರಂದು ನಮ್ಮ ಚಂದ್ರಯಾನ-2 ಮತ್ತು ಚಂದ್ರನನ್ನೇ ಸುತ್ತುವ ನಾಸಾದ ಎಲ್‌ಆರ್‌ಒ ನೌಕೆ ಚಂದ್ರನ ಉತ್ತರ ಧ್ರುವದ ಬಳಿ ತೀರಾ ಹತ್ತಿರ ಬರಲಿವೆ ಎಂದು ಲೆಕ್ಕ ಹೇಳಿತು. ಎತ್ತರದಲ್ಲಿ ಅವುಗಳ ಅಂತರ ನೂರು ಮೀಟರಿಗಿಂತ ಕಡಿಮೆ. ಎರಡು ದಿನ ಮೊದಲು ಚಂದ್ರಯಾನ-2 ತನ್ನ ಹಾದಿ ಬದಲಿಸಿತು. ಕೆಲವೇ ನೌಕೆಗಳಿದ್ದ ಕಾಲದಲ್ಲೇ ಈ ಪಾಡು. ಚಂದ್ರನಿಗೆ ವಾತಾವರಣವಿಲ್ಲ, ಕೆಟ್ಟ ಉಪಗ್ರಹ ಭೂಮಿಯಲ್ಲಿ ಸುಟ್ಟುಹೋಗುವಂತೆ ಅಲ್ಲಿ ಸುಡುವುದಿಲ್ಲ.

ಇಷ್ಟೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಭಾರತ ಏನು ಮಾಡಬಹುದು? 2,104 ಕೋಟಿ ರೂಪಾಯಿಯ ಚಂದ್ರಯಾನ-4ಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದೆ. ಮಣ್ಣು ತೆಗೆದು ಮರಳಿ ತರುವ ಯೋಜನೆ ಅದು. ಜಪಾನಿನ ಜೊತೆಗೂಡಿ ಧ್ರುವಕ್ಕೆ ಹೋಗುವ ಚಂದ್ರಯಾನ-5 ಅದರ ಹಿಂದೆ ಇದೆ. ಸಹಪ್ರಯಾಣಿಕರಾಗಿ ಒಂದು ಜೋಡಿ ಕಿರು ರಿಲೇಗಳನ್ನು ತೂರಿಸೋಣವೆಂದರೆ ಜಾಗ ಕಷ್ಟ. ಚಂದ್ರಯಾನ-3ರ ತೂಕ 3,900 ಕೆ.ಜಿ., ಅದನ್ನು ಒಯ್ದ ನಮ್ಮ ದೊಡ್ಡ ರಾಕೆಟ್ ಎಲ್‌ವಿಎಂ3 ಆ ಬಗೆಯ ಕಕ್ಷೆಗೆ ಹೊರುವುದೇ ನಾಲ್ಕು ಟನ್ ಆಸುಪಾಸು. ಆದರೆ 2008ರಲ್ಲಿ 1,380 ಕೆ.ಜಿ.ಯ ಚಂದ್ರಯಾನ-1ನ್ನು ಕೊಂಡೊಯ್ದದ್ದು ಪಿಎಸ್‌ಎಲ್‌ವಿ. 150 ಕೆ.ಜಿ.ಯ ಎರಡು ರಿಲೇಗಳು, ಅವಕ್ಕೆ ಬೇಕಾದ ಇಂಧನ ಸೇರಿದರೂ ಅದಕ್ಕೆ ಹೊರೆಯಲ್ಲ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ಕೈಕೊಟ್ಟದ್ದು ಗೊತ್ತಿದ್ದೇ ಹೇಳುತ್ತಿದ್ದೇನೆ. 2025ರ ಜನವರಿಯಲ್ಲಿ ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು 220 ಕೆ.ಜಿ. ಉಪಗ್ರಹಗಳು ಆಕಾಶದಲ್ಲಿ ಒಂದಕ್ಕೊಂದು ಜೋಡಿಕೊಂಡವು. ಆ ಗಾತ್ರದ ನೌಕೆಯನ್ನು ನಾಜೂಕಾಗಿ ನಡೆಸುವ ಕೈಚಳಕ ನಮ್ಮಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಳಗಾವಿಯ ಪಾಲು ಇದರಲ್ಲಿ ಎಲ್ಲಿ ಎಂದು ಕೇಳಿದರೆ ಬಣ್ಣ ಹಚ್ಚದೆ ಹೇಳಬೇಕು: ರಿಲೇ ಉಪಗ್ರಹ ಇಲ್ಲಿ ತಯಾರಾಗುವುದಿಲ್ಲ. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಇರುವುದು ಇದೇ ಊರಲ್ಲಿ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ ಏರಿದ, ಒಂದು ಕೆ.ಜಿ.ಗೂ ಕಡಿಮೆ ತೂಕದ ಸ್ಟಡ್‌ಸ್ಯಾಟ್‌ನಲ್ಲಿ ಕರ್ನಾಟಕ, ಆಂಧ್ರಪ್ರದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಿತ್ತು. ಅದರ ನೆಲಕೇಂದ್ರ ಕಟ್ಟಿದ್ದು ಬೆಂಗಳೂರಿನ ಕಾಲೇಜಿನಲ್ಲಿ. ಉತ್ತರ ಕರ್ನಾಟಕದ ಕಾಲೇಜುಗಳಿಗೆ ಅಂಥದ್ದು ಬರಲು ಅಡ್ಡಿ ಹಣಕ್ಕಿಂತ ಹೆಚ್ಚಾಗಿ ಅದನ್ನು ವರ್ಷಗಟ್ಟಲೆ ನಡೆಸುವ ಮೇಷ್ಟ್ರುಗಳ ಕೊರತೆ. ಪ್ರಾಜೆಕ್ಟ್ ಮುಗಿದು ಬ್ಯಾಚು ಹೊರಬಿದ್ದ ಮೇಲೆ ತಾರಸಿಯ ಆಂಟೆನಾ ತುಕ್ಕು ಹಿಡಿಯುತ್ತದೆ. ಬೆಳಗಾವಿ ಜಿಲ್ಲೆಯ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ, ಉದ್ಯಮಬಾಗದ ಶೆಡ್ಡುಗಳಲ್ಲಿ ಎರಕ, ಮಷಿನಿಂಗ್, ಹೈಡ್ರಾಲಿಕ್ಸ್ ಬಲ್ಲ ಕೈಗಳಿವೆ. ಮೂರು ನಾಲ್ಕು ಮೀಟರ್ ಡಿಶ್ ಒಂದನ್ನು ಚಂದ್ರನ ಹಿಂದೆಯೇ ತಪ್ಪದೆ ತಿರುಗಿಸುವ ಪೀಠ, ಗೇರು, ಬೇರಿಂಗು ಈ ಊರಿಗೆ ದೊಡ್ಡ ಮಾತಲ್ಲ. ರಿಲೇಗಳು ಹೆಚ್ಚಾದಂತೆ ಅವುಗಳ ಆರೋಗ್ಯ ಕೇಳುವ ಸಣ್ಣ ನೆಲಕೇಂದ್ರಗಳು ದೇಶದ ಹಲವು ಕಡೆ ಬೇಕಾಗುತ್ತವೆ, ಎಲ್ಲವನ್ನೂ ಬ್ಯಾಲಾಳಿನ ಮೂರ್ನಾಲ್ಕು ಡಿಶ್‌ಗಳ ಮೇಲೇ ಹೇರಲಾಗದು.